ಹೆರಿಗೆ ವಾರ್ಡಿನ ದಫ್ತರ

ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ. ಪೇಟೆಯ ಇಕ್ಕಟ್ಟಾದ ಬೀದಿಗಳನ್ನು ತೊರೆದ ಜನಕ್ಕೆ ನೆಲೆಯಾಗಿ ಬೆಳೆದವು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು. ಅಗಲವಾದ ನೇರ ರಸ್ತೆ, ಮನೆಯ ಸುತ್ತ ಬಯಲು, ಹಿಂಬದಿಗೆ ಕನ್ಸರ್ವೆನ್ಸಿ ಗಲ್ಲಿ. ಗಾಳಿ ಬೆಳಕುಗಳಿದ್ದರೆ ರೋಗ ದೂರವೆಂಬ ನಂಬಿಕೆಯ ಫಲ ಇವು. ರೋಗ ಹೊರಗಿನಿಂದ ಬರುವ ಶತ್ರುವೆಂದು ನಮ್ಮ ಹಿರಿಯರು ತಿಳಿದಿದ್ದರು. ಪ್ಲೇಗಿನ ಮಟ್ಟಿಗೆ ಅದು ಸರಿಯೂ ಆಗಿತ್ತು.

ಇಂದು ಅದೇ ಬೀದಿಗಳ ಮನೆಗಳಲ್ಲಿ ಮೂವತ್ತು ತುಂಬದ ಮಗನಿಗೆ ಸಕ್ಕರೆ ಕಾಯಿಲೆ, ಮಗಳಿಗೆ ರಕ್ತದೊತ್ತಡ ಎಂಬ ಮಾತು ಕೇಳಿದರೆ ಯಾರೂ ಬೆರಗಾಗುವುದಿಲ್ಲ. ದೇಶದಲ್ಲಿ ಹತ್ತು ಕೋಟಿ ಮಂದಿಗೆ ಮಧುಮೇಹವಿದೆಯೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ತಿಳಿಸಿತು. ಐರೋಪ್ಯರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಅದು ನಮ್ಮವರನ್ನು ಹಿಡಿಯುತ್ತದೆ. ಹೋಟೆಲಿನ ತಿಂಡಿ, ಕುರ್ಚಿ ಬಿಡದ ಕೆಲಸ, ನಿದ್ದೆಗೇಡು ಎಂದು ನಾವು ತರುಣರನ್ನು ಜರೆಯುತ್ತೇವೆ. ಅದರಲ್ಲಿ ನಿಜವಿಲ್ಲದಿಲ್ಲ. ಆದರೆ ಅದು ಪೂರ್ತಿ ನಿಜವಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲೇ, ಮೈಸೂರಿನಲ್ಲಿ, ಒಂದು ಸಾಕ್ಷ್ಯವಿದೆ. ನಾನಿಲ್ಲಿ ಹೇಳಹೊರಟಿರುವುದು ಅದರ ಕಥೆಯನ್ನು.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಊರವರು ಮಿಷನ್ ಆಸ್ಪತ್ರೆಯೆಂದೇ ಕರೆಯುತ್ತಾರೆ. ಅಲ್ಲಿ 1934ರಿಂದಲೂ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಫ್ತರಕ್ಕೆ ಏರಿಸುತ್ತ ಬಂದರು. ಬರೆದವರಿಗೆ ಅದು ನಿತ್ಯದ ಕೆಲಸ. ಗರ್ಭದಲ್ಲಿ ದೊರೆತ ಪೋಷಣೆಗೂ ನಡುವಯಸ್ಸಿನ ಹೃದ್ರೋಗಕ್ಕೂ ನಂಟುಂಟೆಂದು ಇಂಗ್ಲೆಂಡಿನ ವೈದ್ಯ ಡೇವಿಡ್ ಬಾರ್ಕರ್ ಮುಂದಿಟ್ಟ ವಾದವನ್ನು ಒರೆಗೆ ಹಚ್ಚಲು 1990ರ ದಶಕದಲ್ಲಿ ಆ ದಫ್ತರಗಳು ಒದಗಿದವು. ಹಳೆಯ ಕೂಸುಗಳನ್ನು, ಅಂದರೆ ಆಗ ನಡುವಯಸ್ಸಿಗೆ ಬಂದಿದ್ದವರನ್ನು, ಸಂಶೋಧಕರು ಊರಿನಲ್ಲಿ ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಿಂದ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಾಗಿತ್ತು. ಮಧುಮೇಹದ ಲೆಕ್ಕವೇ ಬೇರೆ: ಗಿಡ್ಡಗೆ, ಗುಂಡಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಅದು ಹೆಚ್ಚು. ತಾಯಿಯ ರಕ್ತದಲ್ಲೇ ಸಕ್ಕರೆ ಏರಿತ್ತೇನೋ ಎಂಬ ಶಂಕೆ ಮೂಡಿತು.

ಶಂಕೆಯನ್ನು ಬಗೆಹರಿಸಲು 1997ರಲ್ಲಿ ಅದೇ ಆಸ್ಪತ್ರೆಯಲ್ಲಿ ಪಾರ್ಥೆನಾನ್ ಅಧ್ಯಯನ ಮೊದಲಾಯಿತು. ಬಸುರಿಯರ ಸಕ್ಕರೆ ಅಳೆದು, ಅವರ ಮಕ್ಕಳನ್ನು ವರ್ಷ ವರ್ಷವೂ ಹಿಂಬಾಲಿಸಿದರು. ಬಸಿರಿನಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಿಗೆ ಒಂಬತ್ತೂವರೆ ವರ್ಷಕ್ಕೇ ಮೈಯಲ್ಲಿ ಕೊಬ್ಬು ಹೆಚ್ಚಿತ್ತು. ಇನ್ಸುಲಿನ್ನಿಗೆ ದೇಹ ಓಗೊಡುವುದು ಕುಂದಿತ್ತು. ತಾಯಿಯ ಸಕ್ಕರೆ ಕೂಸಿಗೂ ಹರಿಯುತ್ತದೆ. ಕೂಸು ಅದನ್ನು ಕೊಬ್ಬಾಗಿಸಿ ಕೂಡಿಡುತ್ತದೆ. ಹಾಗೆ ಹುಟ್ಟಿದ ಹೆಣ್ಣುಮಗು ನಾಳೆ ತಾನೂ ತಾಯಿ.

ಆದಕಾರಣ, ಮೂವತ್ತರ ತರುಣನ ರೋಗವನ್ನು ಬರಿಯ ಅವನ ನಾಲಗೆಯ ತಪ್ಪೆನ್ನುವುದು ನ್ಯಾಯವಲ್ಲ; ತಾಯಿಯ ತಪ್ಪೆನ್ನುವುದಂತೂ ಇನ್ನೂ ಅನ್ಯಾಯ. ತಿಂಡಿಯಲ್ಲಿ ಹಿತಮಿತ, ದಿನಕ್ಕಿಷ್ಟು ನಡಿಗೆ, ವರ್ಷಕ್ಕೊಮ್ಮೆ ರಕ್ತದೊತ್ತಡದ ತಪಾಸಣೆ ಅವನು ಮಾಡಬೇಕಾದ್ದು. ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಒಳ್ಳೆಯ ಊಟ, ಪ್ರತಿ ಬಸುರಿಗೂ ಸಕ್ಕರೆಯ ಪರೀಕ್ಷೆ ಮನೆಯವರೂ ಸರ್ಕಾರವೂ ಮಾಡಬೇಕಾದ್ದು. ಪ್ಲೇಗಿಗೆ ಅಂಜಿ ಊರನ್ನೇ ವಿಸ್ತರಿಸಿದ ಬೆಂಗಳೂರಿಗೆ ಇದು ಭಾರವಾಗಲಾರದೆಂದು ನನ್ನ ಭಾವನೆ.