ತಡವಾಗಿ ಬಂದ ಚೀಲ

ಗಂಡ ಸತ್ತ ಹೆಂಗಸು ಹಾಡಿ ಹಾಡಿ ಅಳುವುದನ್ನು ನಾನು ಚಿಕ್ಕಂದಿನಲ್ಲಿ ಹಳ್ಳಿಯಲ್ಲಿ ಕೇಳಿದ್ದೇನೆ. ಹೆಂಡತಿ ಸತ್ತಳೆಂದು ಗಂಡಸೊಬ್ಬ ಹಾಗೆ ಅತ್ತದ್ದನ್ನು ಕೇಳಿದ್ದು ಮಾತ್ರ ಐವತ್ತು ದಾಟಿದ ಮೇಲೆ. ಅದೂ ಅಮೆರಿಕದವನ ಬಾಯಲ್ಲಿ. "ಇಂಗ್ಲಿಷ್ ಸುಲಭ ಇದೆ, ಕೇಳಮ್ಮ" ಎಂದು ಮಗಳು ಮೊಬೈಲಿನಲ್ಲಿ ಹಾಕಿಕೊಟ್ಟಳು.

ಹಾಡಿದವನು ಫಿಲ್ ಎಲ್ವರಮ್. ಪಶ್ಚಿಮ ಕರಾವಳಿಯ ವಾಷಿಂಗ್ಟನ್ ರಾಜ್ಯದ ಅನಕೊರ್ಟಿಸ್ ಊರಿನವನು. ಊರ ಪಕ್ಕದ ಗುಡ್ಡದ ಹೆಸರನ್ನೇ ಒಂದಕ್ಷರ ಹೆಚ್ಚಿಸಿ ‘ಮೌಂಟ್ ಈರಿ’ ಎಂದು ಇಟ್ಟುಕೊಂಡು ಹಾಡುತ್ತಿದ್ದ. ಹೆಂಡತಿ ಜೆನೆವಿಯೆವ್ ಕಾಸ್ತ್ರೆ ಕೆನಡಾದ ಕ್ವಿಬೆಕ್‌ನವಳು. ಕಾಮಿಕ್ಸ್ ಬರೆಯುವವಳು, ಹಾಡುಗಾರ್ತಿಯೂ ಹೌದು. 2015ರಲ್ಲಿ ಮಗಳು ಹುಟ್ಟಿ ನಾಲ್ಕು ತಿಂಗಳಾಗಿತ್ತಷ್ಟೇ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿಯಿತು. 2016ರ ಜುಲೈನಲ್ಲಿ ಹೋದಳು. ಆಗ ಅವಳಿಗೆ 35.

ಆಗಸ್ಟ್ ಕೊನೆಯಿಂದ ಡಿಸೆಂಬರ್ ಮೊದಲ ವಾರದವರೆಗೆ ಅವನು ಅವಳು ಕಣ್ಣುಮುಚ್ಚಿದ ಕೋಣೆಯಲ್ಲೇ ಕುಳಿತು, ಅವಳ ಕಾಗದದ ಮೇಲೆ ಬರೆದು, ಅವಳ ಗಿಟಾರು, ಅವಳ ಅಕಾರ್ಡಿಯನ್ನು ನುಡಿಸಿ 11 ಹಾಡು ಮುದ್ರಿಸಿದ. 2017ರ ಮಾರ್ಚಿನಲ್ಲಿ ತಾನೇ ಪ್ರಕಟಿಸಿದ. ದೊಡ್ಡ ಕಂಪನಿಗಳ ಹಂಗಿಲ್ಲದ ಇಂಥದ್ದಕ್ಕೆ ‘ಇಂಡೀ ಫೋಕ್’ ಎನ್ನುತ್ತಾರಂತೆ. ಫೋಕ್ ಎಂದರೆ ನಮ್ಮ ಬೀಸುವ ಪದದಂತಿರುತ್ತದೆಂದುಕೊಂಡಿದ್ದೆ, ಹಾಗಿಲ್ಲ. ರಾಗವೇ ಕಡಿಮೆ, ಪಕ್ಕದ ಮನೆಯವನು ಜಗಲಿಯ ಮೇಲೆ ಕೂತು ಮೆಲ್ಲಗೆ ಹೇಳಿಕೊಂಡ ಹಾಗೆ. ಒಂದೆರಡು ಕಡೆ ನನಗೆ ಆಕಳಿಕೆಯೂ ಬಂತು, ಸುಳ್ಳೇಕೆ.

ಆಲ್ಬಮ್ಮಿನ ಹೆಸರು ‘ಎ ಕ್ರೋ ಲುಕ್ಡ್ ಅಟ್ ಮಿ’, ಅಂದರೆ ಕಾಗೆಯೊಂದು ನನ್ನನ್ನು ನೋಡಿತು. ಕೊನೆಯ ಹಾಡಿನಲ್ಲಿ ಅಪ್ಪ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಕಾಡಿನಲ್ಲಿ ನಡೆಯುತ್ತಾನೆ. ಮಗು ನಿದ್ದೆಯಲ್ಲೇ ಕಾಗೆ ಎಂದು ಗೊಣಗುತ್ತದೆ. ಪಿಂಡ ಮುಟ್ಟಲು ಕಾಗೆ ಬಂದೀತೆಂದು ಕತ್ತೆತ್ತಿ ನಿಂತಿದ್ದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನನ್ನನ್ನು ಹಿಡಿದದ್ದು ಮೊದಲ ಹಾಡು. ಅವಳು ತೀರಿಕೊಂಡು ಒಂದು ವಾರಕ್ಕೆ ಅವಳ ಹೆಸರಿಗೆ ಒಂದು ಪಾರ್ಸೆಲ್ ಬರುತ್ತದೆ. ಒಳಗೆ ಮಗಳಿಗೊಂದು ಬೆನ್ನಚೀಲ. ಮುಂದೆ ಶಾಲೆಗೆ ಹೋಗುವಾಗ ಬೇಕಾಗುತ್ತದೆಂದು ಯಾರಿಗೂ ಹೇಳದೆ ತರಿಸಿದ್ದಳು. ಆ ದಿನ ತಾನಿರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವನು ಬಾಗಿಲ ಮೆಟ್ಟಿಲ ಮೇಲೆ ಕುಸಿದು ಅಳುತ್ತಾನೆ.

ಪ್ರತಿ ಜೂನಿನಲ್ಲೂ ಹೊಸ ಚೀಲ ಹೊತ್ತ ಮಕ್ಕಳನ್ನು ಒಂದನೇ ತರಗತಿಗೆ ಸೇರಿಸಿಕೊಂಡವಳು ನಾನು. ಆ ಚೀಲ ಕೊಂಡವರು ಯಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ನನ್ನವರ ಹದಿಮೂರನೇ ದಿನದ ಕಾರ್ಯ ಮುಗಿದ ಮರುದಿನ ಕನ್ನಡಕದಂಗಡಿಯಿಂದ ಫೋನು ಬಂದಿತ್ತು. "ಸರ್ ಕನ್ನಡಕ ರೆಡಿ ಆಗಿದೆ ಮೇಡಂ, ನಾನೂರು ರೂಪಾಯಿ ಬಾಕಿ." ಅವರಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ಹೇಳ್ತೀನಪ್ಪ" ಎಂದೆ. ಒಂದು ತಿಂಗಳು ಬಿಟ್ಟು ನಾನೇ ಹೋಗಿ ಬಾಕಿ ಕೊಟ್ಟು ತಂದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟೆ. ಆರು ವರ್ಷವಾಯಿತು.

ಹಾಡು ಮುಗಿದಾಗ ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಎದ್ದು ಬೀರು ತೆಗೆದೆ. ಕನ್ನಡಕದ ಡಬ್ಬಿಯನ್ನು ಅವಳ ಕೈಯಲ್ಲಿಟ್ಟೆ.