ಉಪಜಾಲದ ಮಾಸ್ಕು ಮತ್ತು ಸರ್ವರಿನ ದ್ವಾರಪರೀಕ್ಷೆ: ಒಂದು ಐತಿಹಾಸಿಕ ಪರಿಶೀಲನೆ

ಗಣಕಗಳ ಜಾಲದಲ್ಲಿ ಬಂದ ಕೋರಿಕೆಗೆ ಉತ್ತರ ಕೊಡುವ ತಂತ್ರಾಂಶವನ್ನು ಸರ್ವರ್ ಎಂದು ಕರೆಯುವುದು ವಾಡಿಕೆ. ಕೋರಿಕೆ ಹೊರಟ ವಿಳಾಸವು ತನಗೆ ಗೊತ್ತುಪಡಿಸಿದ ಎಲ್ಲೆಯ ಒಳಗಿನದೋ ಹೊರಗಿನದೋ ಎಂಬುದನ್ನು ಅಂತಹ ತಂತ್ರಾಂಶವು ಉತ್ತರಕ್ಕೆ ಮುನ್ನ ಪರೀಕ್ಷಿಸುವುದುಂಟು. ಈ ಪರೀಕ್ಷೆಯ ಸಾಧನವೇ ಸಬ್‌ನೆಟ್ ಮಾಸ್ಕು, ಎಂದರೆ ಉಪಜಾಲದ ಮಾಸ್ಕು. ಗಣಿತದ ದೃಷ್ಟಿಯಿಂದ ಇದು ಅಲ್ಪ ವಿಷಯವೇ ಸರಿ. ಆದರೆ 'ಎಲ್ಲಿ?' ಎಂಬ ಪ್ರಶ್ನೆಗಾಗಿ ಹುಟ್ಟಿದ ಈ ಸಾಧನವು 'ಯಾರು?' ಎಂಬ ಪ್ರಶ್ನೆಗೂ ಉತ್ತರ ಹೇಳತೊಡಗಿದ ಬಗೆ ಇತಿಹಾಸದ ಅಭ್ಯಾಸಿಗಳ ಗಮನಕ್ಕೆ ಅರ್ಹವಾದುದು. ಅದನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುವುದೇ ನಮ್ಮ ಉದ್ದೇಶ.

೧೯೮೧ರ ಸೆಪ್ಟೆಂಬರಿನಲ್ಲಿ ಹೊರಬಂದ ಆರ್‌ಎಫ್‌ಸಿ ೭೯೧ ಎಂಬ ಪತ್ರವು ಇಂಟರ್‌ನೆಟ್ಟಿನ ವಿಳಾಸವನ್ನು ೩೨ ಬಿಟ್‌ಗಳ ಒಂದು ಸಂಖ್ಯೆಯೆಂದು ನಿಗದಿ ಮಾಡಿತು. ಆ ಸಂಖ್ಯೆಯ ಮೊದಲ ಭಾಗ ಜಾಲವನ್ನೂ ಉಳಿದ ಭಾಗ ಜಾಲದೊಳಗಿನ ಗಣಕವನ್ನೂ ಸೂಚಿಸುತ್ತಿತ್ತು. ಇವೆರಡರ ನಡುವಣ ಗಡಿ ಎಲ್ಲಿ ಬೀಳುವುದೆಂಬುದನ್ನು ವಿಳಾಸದ ಮೊದಲ ಕೆಲವು ಬಿಟ್‌ಗಳೇ ಹೇಳುತ್ತಿದ್ದುವು. 'ಎ' ವರ್ಗದ ಒಂದು ಜಾಲದಲ್ಲಿ ೧,೬೭,೭೭,೨೧೪ ಗಣಕಗಳಿಗೂ, 'ಬಿ' ವರ್ಗದಲ್ಲಿ ೬೫,೫೩೪ ಗಣಕಗಳಿಗೂ, 'ಸಿ' ವರ್ಗದಲ್ಲಿ ಕೇವಲ ೨೫೪ ಗಣಕಗಳಿಗೂ ಎಡೆಯಿತ್ತು. ಎಲ್ಲೆಯು ಸಂಖ್ಯೆಯೊಳಗೇ ಅಡಗಿದ್ದುದರಿಂದ ಅದನ್ನು ಬೇರೆಯಾಗಿ ಬರೆದಿಡುವ ಅಗತ್ಯ ಆಗ ತೋರಲಿಲ್ಲ.

ಈ ಸರಳತೆ ಬಹುಕಾಲ ನಿಲ್ಲಲಿಲ್ಲ. ವಿಶ್ವವಿದ್ಯಾನಿಲಯಗಳಲ್ಲಿ ಕಟ್ಟಡಕ್ಕೊಂದರಂತೆ ಸ್ಥಳೀಯ ಜಾಲಗಳು ಏರ್ಪಟ್ಟುವು. ಪ್ರತಿಯೊಂದಕ್ಕೂ ಪ್ರತ್ಯೇಕ ಜಾಲಸಂಖ್ಯೆಯನ್ನು ಕೊಡುತ್ತ ಹೋದರೆ ಇಡೀ ಇಂಟರ್‌ನೆಟ್ಟಿನ ಗೇಟ್‌ವೇಗಳು ಅವೆಲ್ಲವನ್ನೂ ನೆನಪಿಡಬೇಕಾಗುತ್ತಿತ್ತು. ಈ ತೊಡಕಿಗೆ ಪರಿಹಾರವನ್ನು ಸೂಚಿಸಿದವರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜೆಫ್ರಿ ಮೊಗಲ್ ಅವರು ಪ್ರಮುಖರು. ೧೯೮೪ರ ಅಕ್ಟೋಬರಿನ ಆರ್‌ಎಫ್‌ಸಿ ೯೧೭ರಲ್ಲಿ ಅವರು ತಮ್ಮ ವಿಚಾರವನ್ನು ಮಂಡಿಸಿದರು. ಡೇವಿಡ್ ಕ್ಲಾರ್ಕ್ ಮತ್ತು ಮೈಕೆಲ್ ಕ್ಯಾರೆಲ್ಸ್ ಅವರು ೧೯೮೫ರ ಮೊದಲ ತಿಂಗಳುಗಳಲ್ಲಿ ಬೇರೆ ಬೇರೆ ಕ್ರಮಗಳನ್ನು ಸೂಚಿಸಿದರು. ಕೊನೆಗೆ ೧೯೮೫ರ ಆಗಸ್ಟಿನಲ್ಲಿ ಮೊಗಲ್ ಮತ್ತು ಜಾನ್ ಪೋಸ್ಟೆಲ್ ಅವರ ಆರ್‌ಎಫ್‌ಸಿ ೯೫೦ ಮಾನ್ಯವಾಯಿತು. ಅದರಂತೆ ವಿಳಾಸದ ಜೊತೆಗೆ ೩೨ ಬಿಟ್‌ಗಳ ಇನ್ನೊಂದು ಸಂಖ್ಯೆಯನ್ನು, ಎಂದರೆ ಮಾಸ್ಕನ್ನು, ಇಡತಕ್ಕದ್ದು. ಮಾಸ್ಕಿನಲ್ಲಿ ೧ ಇರುವೆಡೆ ಜಾಲದ ಭಾಗ; ೦ ಇರುವೆಡೆ ಗಣಕದ ಭಾಗ. ಹಿಂದೆ ಸಂಖ್ಯೆಯೊಳಗಿದ್ದ ಗಡಿಯನ್ನು ಹೊರತೆಗೆದು ಪ್ರತ್ಯೇಕವಾಗಿ ಲಿಖಿತಗೊಳಿಸಿದಂತಾಯಿತು. ದಾನಶಾಸನಗಳಲ್ಲಿ ಭೂಮಿಯ ಹೆಸರಿನೊಡನೆ ಅದರ ಚತುಸ್ಸೀಮೆಯನ್ನೂ ಹೇಳುವ ಕ್ರಮವನ್ನು ಬಲ್ಲವರಿಗೆ ಈ ಬದಲಾವಣೆಯ ಮಹತ್ವ ಸುಲಭವಾಗಿ ಮನದಟ್ಟಾಗುವುದು.

ಗಮನಿಸಬೇಕಾದ ಅಂಶವೇನೆಂದರೆ, ಈ ಪತ್ರಗಳ ಕಾಲದಲ್ಲಿ ಮಾಸ್ಕಿನ ಉದ್ದೇಶ ಕೇವಲ ದಾರಿಯ ನಿರ್ಣಯವಾಗಿದ್ದಿತು. ಕಳುಹಿಸಬೇಕಾದ ಗಣಕವು ನೆರೆಯಲ್ಲಿದ್ದರೆ ನೇರವಾಗಿ ಕಳುಹಿಸಬೇಕು. ಇಲ್ಲವಾದರೆ ಗೇಟ್‌ವೇಗೆ ಒಪ್ಪಿಸಬೇಕು. ಬಂದವನು ನಂಬಲರ್ಹನೇ ಎಂಬ ಪ್ರಶ್ನೆ ಅಲ್ಲಿ ಉದ್ಭವಿಸುವುದಿಲ್ಲ.

ಆ ಪ್ರಶ್ನೆ ಮಾಸ್ಕಿನೊಡನೆ ಕೂಡಿಕೊಂಡ ಬಗೆಗೆ ಒಳ್ಳೆಯ ನಿದರ್ಶನ ಹಾಲೆಂಡಿನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾನಿಲಯದಲ್ಲಿ ದೊರೆಯುತ್ತದೆ. ಅಲ್ಲಿನ ಗಣಕಗಳಿಗೆ ಒಬ್ಬ ಅತಿಕ್ರಮಿಯು ಪದೇ ಪದೇ ನುಗ್ಗುತ್ತಿದ್ದುದರಿಂದ, ವೀಟ್ಸ ವೆನೆಮಾ ಅವರು 'ಟಿಸಿಪಿ ರ್‍ಯಾಪರ್' ಎಂಬ ಸಣ್ಣ ತಂತ್ರಾಂಶವನ್ನು ರಚಿಸಿ, ೧೯೯೨ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದರು. ಬಂದವರ ವಿಳಾಸವನ್ನು ಬರೆದಿಡುವುದಷ್ಟೇ ಅದರ ಮೊದಲ ಕೆಲಸ. ಬೇಡವಾದವರನ್ನು ತಡೆಯುವ ಕೆಲಸ ಅನಂತರ ಸೇರಿತು. ಲೆಕ್ಕಿಗನಾಗಿ ನೇಮಕವಾದವನು ದ್ವಾರಪಾಲಕನೂ ಆದನೆನ್ನಬಹುದು.

ಅದರ ಕೈಪಿಡಿಯಲ್ಲಿ ಬರುವ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ನಿಯಮವನ್ನು ೧೩೧.೧೫೫.೭೨.೦/೨೫೫.೨೫೫.೨೫೪.೦ ಎಂದು ಬರೆದಿದೆ. ಬಂದ ವಿಳಾಸ ೧೩೧.೧೫೫.೭೩.೧೮ ಎಂದಿಟ್ಟುಕೊಳ್ಳೋಣ. ವಿಳಾಸ ಮತ್ತು ಮಾಸ್ಕು ಎರಡರಲ್ಲೂ ೧ ಇದ್ದ ಸ್ಥಾನದಲ್ಲಿ ಮಾತ್ರ ೧ನ್ನು ಉಳಿಸಬೇಕು. ದ್ವಿಮಾನದಲ್ಲಿ ೭೩ ಎಂಬುದು ೦೧೦೦೧೦೦೧. ೨೫೪ ಎಂಬುದು ೧೧೧೧೧೧೧೦. ಫಲ ೦೧೦೦೧೦೦೦, ಎಂದರೆ ೭೨. ಹೀಗೆ ದೊರೆತ ೧೩೧.೧೫೫.೭೨.೦ ಎಂಬುದು ನಿಯಮದ ವಿಳಾಸಕ್ಕೆ ಸಮನಾದುದರಿಂದ ಹೊಂದಿಕೆಯಾಯಿತು. ೧೩೧.೧೫೫.೭೪.೧೮ ಎಂಬುದು ಬಂದರೆ ೭೪ ಹಾಗೆಯೇ ಉಳಿದು ಹೊಂದಿಕೆ ತಪ್ಪುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಈ ತಂತ್ರಾಂಶವು ಬಂದ ವಿಳಾಸಕ್ಕೆ ಮಾತ್ರ ಮಾಸ್ಕನ್ನು ಹಾಕುತ್ತದೆ. ನಿಯಮದ ವಿಳಾಸಕ್ಕೆ ಹಾಕುವುದಿಲ್ಲ. ಆದಕಾರಣ ೭೨ರ ಬದಲು ೭೩ ಎಂದು ನಿಯಮವನ್ನು ಬರೆದವನಿಗೆ ಯಾವ ವಿಳಾಸವೂ ಎಂದೂ ಹೊಂದುವುದಿಲ್ಲ. ಅದು ಅನುಮತಿಯ ನಿಯಮವಾದರೆ ತನ್ನವರೇ ಹೊರಗುಳಿಯುತ್ತಾರೆ. ನಿಷೇಧದ ನಿಯಮವಾದರೆ ತಡೆಯಬೇಕಾದವರು ಸದ್ದಿಲ್ಲದೆ ಒಳಗೆ ಬರುತ್ತಾರೆ.

ಇದಕ್ಕಿಂತ ಆಳವಾದ ಕೊರತೆಯೊಂದು ಮೊದಲೇ ಬೆಳಕಿಗೆ ಬಂದಿದ್ದಿತು. ಉಪಜಾಲದ ಪತ್ರ ಹೊರಬಂದ ೧೯೮೫ರಲ್ಲಿಯೇ, ಅದಕ್ಕೆ ಆರು ತಿಂಗಳ ಮುಂಚೆ, ಫೆಬ್ರವರಿಯಲ್ಲಿ, ಬೆಲ್ ಪ್ರಯೋಗಾಲಯದಿಂದ ರಾಬರ್ಟ್ ಟಿ. ಮಾರಿಸ್ ಅವರ ಒಂದು ವರದಿ ಪ್ರಕಟವಾಯಿತು. ಬರ್ಕ್ಲಿಯ ೪.೨ ಬಿಎಸ್‌ಡಿ ಯೂನಿಕ್ಸಿನಲ್ಲಿ ಸಂಪರ್ಕದ ಆರಂಭಕ್ಕೆ ಬಳಸುವ ಕ್ರಮಸಂಖ್ಯೆಯನ್ನು ಊಹಿಸಬಹುದಾದುದರಿಂದ, ನಂಬಿಕೆಗೆ ಪಾತ್ರವಾದ ಗಣಕದ ವಿಳಾಸವನ್ನು ಬೇರೊಂದು ಗಣಕವು ಧರಿಸಿ ಬರಬಹುದೆಂದು ಅವರು ತೋರಿಸಿದರು. ೧೯೮೯ರಲ್ಲಿ ಸ್ಟೀವನ್ ಬೆಲ್ಲೊವಿನ್ ಅವರು ಈ ವಿಚಾರವನ್ನು ವಿಸ್ತರಿಸಿ ಬರೆದರು. ೧೯೯೪ರ ಡಿಸೆಂಬರ್ ೨೫ರಂದು ತ್ಸುತೊಮು ಶಿಮೊಮುರಾ ಅವರ ಗಣಕಗಳ ಮೇಲೆ ಇದೇ ಬಗೆಯ ಆಕ್ರಮಣ ನಡೆಯಿತು. ಎಚ್ಚರಿಕೆ ಬಂದು ಒಂಬತ್ತು ವರ್ಷಗಳು ಕಳೆದಿದ್ದರೂ ವಿಳಾಸವನ್ನೇ ಪರಿಚಯಪತ್ರವಾಗಿ ಎಣಿಸುವ ರೂಢಿ ಅಳಿದಿರಲಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ರೂಢಿ ಉಳಿದುದೇಕೆ? ಅದರ ಸೌಲಭ್ಯವೇ ಕಾರಣವೆಂದು ನಮಗೆ ತೋರುತ್ತದೆ. ಒಂದು ಸಾಲಿನ ನಿಯಮದಿಂದ ಇಡೀ ಸಂಸ್ಥೆಯನ್ನು ಒಳಕ್ಕೆ ಬಿಟ್ಟುಕೊಂಡು ಉಳಿದ ಜಗತ್ತನ್ನು ಹೊರಗಿರಿಸಬಹುದು; ಒಬ್ಬೊಬ್ಬರಿಗೂ ಗುಪ್ತಪದ ಕೊಡುವ ಶ್ರಮವಿಲ್ಲ. ೧೯೯೩ರ ಸೆಪ್ಟೆಂಬರಿನ ಆರ್‌ಎಫ್‌ಸಿ ೧೫೧೯ ಹಳೆಯ ವರ್ಗಗಳನ್ನು ಕೈಬಿಡುವ ಕ್ರಮವನ್ನು ವಿಧಿಸಿದ ಮೇಲೆ, ಮೇಲ್ಕಂಡ ಉದ್ದನೆಯ ಮಾಸ್ಕನ್ನು /೨೩ ಎಂದು ಬರೆದರೆ ಸಾಕಾಯಿತು. ಸೌಲಭ್ಯ ಇನ್ನಷ್ಟು ಹೆಚ್ಚಿತು. ಆದರೆ ತೊಡಕುಗಳೂ ಹೆಚ್ಚಿದುವು. ೧೨೮ ಬಿಟ್‌ಗಳ ಹೊಸ ವಿಳಾಸಕ್ರಮದಲ್ಲಿ ಹಳೆಯ ವಿಳಾಸವು ದೊಡ್ಡ ಸಂಖ್ಯೆಯೊಂದರೊಳಗೆ ಅಡಕವಾಗಿ ಬರಬಹುದು. ಅದನ್ನು ಬಿಡಿಸಿ ನೋಡದ ಸರ್ವರಿಗೆ ನೆರೆಯವನೂ ಅಪರಿಚಿತನೇ. ನಡುವೆ ಪ್ರಾಕ್ಸಿಯೊಂದು ನಿಂತರೆ ಎಲ್ಲರೂ ಆ ಪ್ರಾಕ್ಸಿಯ ವಿಳಾಸದಿಂದಲೇ ಬಂದಂತೆ ಕಾಣುವುದರಿಂದ, ಅಪರಿಚಿತನೂ ನೆರೆಯವನೇ.

ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು ೨೦೨೦ರ ಆಗಸ್ಟಿನಲ್ಲಿ ಪ್ರಕಟಿಸಿದ ಗ್ರಂಥವು, ಜಾಲದಲ್ಲಿನ ಸ್ಥಾನವೊಂದನ್ನೇ ನೋಡಿ ಯಾರಿಗೂ ನಂಬಿಕೆಯನ್ನು ಕೊಡಬಾರದೆಂಬ ತತ್ತ್ವವನ್ನು ಪ್ರತಿಪಾದಿಸಿತು. ೧೯೮೫ರ ಫೆಬ್ರವರಿಯ ವರದಿಯಿಂದ ಈ ಗ್ರಂಥದವರೆಗೆ ಮೂವತ್ತೈದು ವರ್ಷಗಳು. ಹಾಗೆಂದ ಮಾತ್ರಕ್ಕೆ ಮಾಸ್ಕಿನ ಪರೀಕ್ಷೆ ನಿರರ್ಥಕವೆಂದು ಭಾವಿಸಲಾಗದು. ಬರುವವರ ಗುಂಪನ್ನು ತಗ್ಗಿಸುವ ಹೊರಬಾಗಿಲಾಗಿ ಅದರ ಉಪಯೋಗ ಇಂದಿಗೂ ಇದೆ. ಎಲ್ಲೆಗಲ್ಲು ಹೊಲದ ಮೇರೆಯನ್ನು ಹೇಳಬಲ್ಲುದು. ಹೊಲದಲ್ಲಿ ನಿಂತವನು ಒಡೆಯನೋ ಕಳ್ಳನೋ ಎಂಬುದನ್ನು ಅದರಿಂದ ತಿಳಿಯುವಂತಿಲ್ಲ. ಮಾಸ್ಕನ್ನು ರೂಪಿಸಿದವರು ಅದಕ್ಕೆ ಮೇರೆಯನ್ನು ಹೇಳುವ ಕೆಲಸವನ್ನಷ್ಟೇ ಒಪ್ಪಿಸಿದ್ದರು. ಉಳಿದ ಹೊಣೆ ಅನಂತರ ಬಳಸಿದವರು ಹೊರಿಸಿದುದು ಎಂಬುದೇ ಈ ಪರಿಶೀಲನೆಯಿಂದ ನಮಗೆ ದೊರೆಯುವ ನಿರ್ಣಯ.