ಎರಡು ಗಿಲ್ಡರಿನ ಚಿತ್ರ

ಚಿತ್ರವೊಂದಕ್ಕೆ ಬೆಲೆ ಎಲ್ಲಿಂದ ಬರುತ್ತದೆ? ಬಣ್ಣ, ಬಟ್ಟೆ, ಚೌಕಟ್ಟುಗಳ ಖರ್ಚನ್ನು ಕೂಡಿಸಿದರೆ ಅದು ದೊರೆಯುವುದಿಲ್ಲ. ಬೆಲೆ ಹೆಚ್ಚಾದುದರಿಂದಲೇ ಚಿತ್ರ ಶ್ರೇಷ್ಠವೆನ್ನುವುದೂ ಸರಿಯಲ್ಲ. ಈ ಪ್ರಶ್ನೆಗೆ ತತ್ತ್ವಚರ್ಚೆಗಿಂತ ಒಬ್ಬ ಚಿತ್ರಕಾರನ ಕೃತಿಗಳ ಚರಿತ್ರೆಯೇ ಒಳ್ಳೆಯ ಉತ್ತರ ಕೊಟ್ಟೀತೆಂದು ನನಗೆ ತೋರುತ್ತದೆ.

ಹಾಲೆಂಡಿನ ಹೇಗ್ ನಗರದಲ್ಲಿ ೧೮೮೧ರಲ್ಲಿ ನಡೆದ ಹರಾಜೊಂದಕ್ಕೆ ತೀರ ಕೆಟ್ಟ ಸ್ಥಿತಿಯಲ್ಲಿದ್ದ ಒಂದು ಚಿತ್ರಪಟ ಬಂದಿತ್ತು. ತಲೆಗೆ ನೀಲಿ ವಸ್ತ್ರ ಸುತ್ತಿ, ಕಿವಿಯಲ್ಲಿ ಮುತ್ತು ತೊಟ್ಟ ಹುಡುಗಿಯೊಬ್ಬಳು ಹೆಗಲ ಮೇಲಿಂದ ನಮ್ಮತ್ತ ತಿರುಗಿ ನೋಡುತ್ತಿರುವ ಚಿತ್ರ. ದೆ ತೋಂಬ್ ಎಂಬ ಸಂಗ್ರಾಹಕರು ಅದನ್ನು ೨ ಗಿಲ್ಡರಿಗೆ, ಹರಾಜಿನ ಖರ್ಚೆಂದು ಮೇಲೆ ೩೦ ಸೆಂಟು ತೆತ್ತು, ಕೊಂಡರು. ಅವರ ಮರಣಾನಂತರ ಅದು ಅದೇ ನಗರದ ಮಾರಿಟ್ಸ್‌ಹೌಸ್ ಸಂಗ್ರಹಾಲಯವನ್ನು ಸೇರಿತು. ಇಂದು ಅದನ್ನು ನೋಡಲೆಂದೇ ದೇಶವಿದೇಶಗಳ ಜನ ಅಲ್ಲಿಗೆ ಹೋಗುತ್ತಾರೆ.

ಅದನ್ನು ಬರೆದವನು ಯೊಹಾನೆಸ್ ವರ್ಮೀರ್. ೧೬೩೨ರಲ್ಲಿ ಡೆಲ್ಫ್ಟ್ ನಗರದಲ್ಲಿ ಹುಟ್ಟಿ, ೧೬೭೫ರಲ್ಲಿ ಅಲ್ಲಿಯೇ ತೀರಿಕೊಂಡ. ಊರಿನ ಚಿತ್ರಕಾರರ ಸಂಘಕ್ಕೆ ಮುಖ್ಯಸ್ಥನಾಗಿದ್ದ ಆತ ಅಜ್ಞಾತನೇನೂ ಅಲ್ಲ. ಆದರೆ ೧೬೭೨ರಲ್ಲಿ ಫ್ರೆಂಚರು ದಂಡೆತ್ತಿ ಬಂದ ಮೇಲೆ ಚಿತ್ರವ್ಯಾಪಾರ ಕುಸಿಯಿತು. ಆತ ಸಾಲಗಾರನಾಗಿಯೇ ಸತ್ತ. ರೊಟ್ಟಿಯಂಗಡಿಯವನೊಬ್ಬನಿಗೇ ೬೧೭ ಗಿಲ್ಡರು ಬಾಕಿಯಿತ್ತು. ಅದಕ್ಕೆ ಪ್ರತಿಯಾಗಿ ವಿಧವೆ ಎರಡು ಚಿತ್ರಗಳನ್ನು ಆತನಿಗೆ ಒಪ್ಪಿಸಿದಳು. ಅಂದರೆ, ಒಬ್ಬ ರೊಟ್ಟಿ ಮಾರುವವನು ಚಿತ್ರವೊಂದಕ್ಕೆ ೩೦೦ ಗಿಲ್ಡರಿಗೂ ಹೆಚ್ಚು ಕಟ್ಟಿದ್ದ. ಇನ್ನೂರು ವರ್ಷಗಳ ಮೇಲೆ ಹರಾಜಿನ ಕಟ್ಟೆ ಕಟ್ಟಿದ್ದು ೨ ಗಿಲ್ಡರು.

ನಡುವೆ ಆದದ್ದು ಮರೆವು. ವರ್ಮೀರ್ ಬರೆದದ್ದು ಕಡಮೆ. ಇಂದು ಉಳಿದಿರುವವು ಸುಮಾರು ೩೫. ಅವುಗಳಲ್ಲಿ ಕೆಲವಕ್ಕೆ ಬೇರೆಯವರ ಹೆಸರು ಅಂಟಿಕೊಂಡಿತು. ೧೮೬೬ರಲ್ಲಿ ಥೋರೆ ಎಂಬ ಫ್ರೆಂಚ್ ವಿಮರ್ಶಕ ಆತನ ಚಿತ್ರಗಳನ್ನು ಹುಡುಕಿ, ಪಟ್ಟಿಮಾಡಿ, ದೀರ್ಘ ಲೇಖನಗಳನ್ನು ಪ್ರಕಟಿಸಿದ ಮೇಲೆಯೇ ಜಗತ್ತಿನ ಕಣ್ಣು ಅತ್ತ ತಿರುಗಿತು. ಪಾತ್ರೆಗೆ ಹಾಲು ಸುರಿಯುವ ದಾಸಿ, ಕಿಟಕಿಯ ಬಳಿ ಕಾಗದ ಓದುವ ಹೆಣ್ಣು, ಗೋಡೆಯ ಮೇಲೆ ಹರಿದ ಬೆಳಕು: ಈ ಸಾಮಾನ್ಯ ಸಂಗತಿಗಳ ಘನತೆಯನ್ನು ಆಗ ಜನ ಕಂಡರು.

ಹೆಸರು ಬೆಳಗಿದ ಮೇಲೆ ಅದೇ ಕಣ್ಣಿಗೆ ಪೊರೆಯಾದುದೂ ಉಂಟು. ಹಾನ್ ವಾನ್ ಮೇಗರೆನ್ ಎಂಬ ಡಚ್ ಚಿತ್ರಕಾರ, ಎಮ್ಮಾಸ್ ಎಂಬ ಊರಿನಲ್ಲಿ ಕ್ರಿಸ್ತನು ಶಿಷ್ಯರೊಡನೆ ಊಟಕ್ಕೆ ಕುಳಿತ ಚಿತ್ರವನ್ನು ಹಳೆಯ ಪಟವೊಂದರ ಮೇಲೆ ಬರೆದು, ಬಣ್ಣಕ್ಕೆ ಕೃತಕ ರಾಳ ಬೆರೆಸಿ, ಒಲೆಯಲ್ಲಿ ಕಾಯಿಸಿ, ಅದಕ್ಕೆ ಮುಪ್ಪು ತಂದ. ೧೯೩೭ರಲ್ಲಿ ಹಿರಿಯ ವಿದ್ವಾಂಸ ಬ್ರೇಡಿಯಸ್ ಅದನ್ನು ವರ್ಮೀರನ ಮೇರುಕೃತಿಯೆಂದೇ ಸಾರಿದರು. ರಾಟರ್‌ಡಾಮಿನ ಸಂಗ್ರಹಾಲಯಕ್ಕಾಗಿ ಅದನ್ನು ೫ ಲಕ್ಷ ಗಿಲ್ಡರಿಗೂ ಹೆಚ್ಚು ಕೊಟ್ಟು ಕೊಳ್ಳಲಾಯಿತು. ಯುದ್ಧ ಮುಗಿದ ೧೯೪೫ರಲ್ಲಿ, ನಾಜಿ ನಾಯಕ ಗೋರಿಂಗನ ಸಂಗ್ರಹದಲ್ಲಿ ಮತ್ತೊಂದು ‘ವರ್ಮೀರ್’ ಸಿಕ್ಕಿ, ಅದರ ಮೂಲ ಹುಡುಕಿದಾಗ ಮೇಗರೆನ್ ಸೆರೆಯಾದ. ದೇಶದ ಸಂಪತ್ತನ್ನು ಶತ್ರುವಿಗೆ ಮಾರಿದ ಆರೋಪದಿಂದ ಪಾರಾಗಲು, ಅವೆಲ್ಲ ನನ್ನವೇ ಎಂದು ಒಪ್ಪಿಕೊಂಡ. ಕಾವಲಿನಲ್ಲಿಯೇ ಇನ್ನೊಂದನ್ನು ಬರೆದು ತೋರಿಸಿದ. ಅಲ್ಲಿಗೆ ಲಕ್ಷಗಳ ಬೆಲೆ ಇಳಿಯಿತು. ಪಟ ಮಾತ್ರ ಹಿಂದಿನಂತೆಯೇ ಇತ್ತು.

ಹಾಗಾದರೆ ಹಿರಿಮೆಯೆಂಬುದು ಬರಿಯ ಹೆಸರಿನ ಮಾಯೆಯೇ? ಹಾಗೆಂದು ನನಗನ್ನಿಸದು. ಎಮ್ಮಾಸಿನ ಚಿತ್ರದ ಅಚ್ಚಿನ ಪ್ರತಿಯನ್ನು ನೋಡಿದರೂ ಸಾಕು, ಭಾರವಾದ ರೆಪ್ಪೆಗಳ ಆ ಮುಖಗಳಲ್ಲಿ ೧೯೩೦ರ ದಶಕದ ಅಭಿರುಚಿ ಎದ್ದು ಕಾಣುತ್ತದೆ. ತನ್ನ ಕಾಲದವರಿಗೆ ಬೇಕಾದುದನ್ನು ಕೊಟ್ಟು ಅದು ಬರಿದಾಯಿತು. ಮುತ್ತಿನ ಹುಡುಗಿಯಾದರೋ ಪ್ರತಿ ತಲೆಮಾರಿನ ನೋಟಕ್ಕೂ ಹೊಸದಾಗಿ ತಿರುಗುತ್ತಾಳೆ. ನಮ್ಮ ಆಲಂಕಾರಿಕರು ಕವಿಯಷ್ಟೇ ಸಹೃದಯನೂ ಮುಖ್ಯನೆಂದದ್ದು ಚಿತ್ರಕ್ಕೂ ಸಲ್ಲುವ ಮಾತು. ಬೆಲೆಯನ್ನು ಹೆಸರು ತಂದೀತು. ಹಿರಿಮೆ ಮಾತ್ರ ಮತ್ತೆ ಮತ್ತೆ ನೋಡಿದ ಕಣ್ಣುಗಳಿಂದ ಸ್ಥಿರವಾಗುತ್ತದೆ.

ಆ ಕಣ್ಣುಗಳು ತಡವಾಗಿ ತೆರೆದರೆ ನಷ್ಟವೂ ದೊಡ್ಡದು. ೧೬೯೬ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ವರ್ಮೀರನ ೨೧ ಚಿತ್ರಗಳು ಹರಾಜಾದುವು. ಆ ಪಟ್ಟಿಯಲ್ಲಿದ್ದ ಸ್ವತಃ ವರ್ಮೀರನದೇ ಭಾವಚಿತ್ರವೊಂದನ್ನು ಇಂದಿಗೂ ಯಾರೂ ಗುರುತಿಸಿಲ್ಲ. ೨ ಗಿಲ್ಡರು ಕೊಡುವವರೂ ಇಲ್ಲದೆ ಅದು ಯಾವ ಅಟ್ಟದಲ್ಲಿ ಅಳಿಯಿತೋ!